ಗೋದಾಬಾಯಿಯ ಕಡೀ ಹಾಳಿಗಳು

ಶಾಲೆಯಿಂದ ಬಂದ ಕಾಗದ ಊಟದ ಮೇಜಿನ ಮೇಲೆ, ಉಪ್ಪಿನಕಾಯಿ ಭರಣಿಯ ಕೆಳಗೆ, ಎರಡು ದಿನದಿಂದ ಬಿದ್ದಿತ್ತು. ನಿರೀಕ್ಷಾ ಹೋಗುತ್ತ ಬರುತ್ತ ಅದನ್ನು ಎತ್ತಿ ಓದುವಳು. ಹಾರಿಹೋದರೆ ಚೆನ್ನಾಗಿತ್ತು ಎಂದು ಅನ್ನಿಸಿದರೂ ಭರಣಿಯನ್ನು ಮತ್ತೆ ಅದರ ಮೇಲೇ ಇಡುವಳು. ಇಂಗ್ಲಿಷಿನಲ್ಲಿದ್ದ ಆ ಕಾಗದದ ತಾತ್ಪರ್ಯ ಇಷ್ಟು: ಎರಡನೇ ತರಗತಿಯ ಲಹರಿ ಮನೆಯಲ್ಲಿ ತಯಾರಾಗುವ ದೆವ್ವದ ಪುಸ್ತಕವೊಂದರ ಕತೆ ಹೇಳಿ ಇಡೀ ತರಗತಿಯನ್ನು ಹೆದರಿಸಿದ್ದಾಳೆ. ಇನ್ನು ಮುಂದೆ ಅಂಥ ಪುಸ್ತಕವನ್ನು ಮನೆಯಲ್ಲಿ ತಯಾರಿಸುವುದಿಲ್ಲ ಎಂದು ಪಾಲಕರು ಸಹಿ ಮಾಡಿ ಶುಕ್ರವಾರದೊಳಗೆ ಒಪ್ಪಿಸಬೇಕು. ಇಲ್ಲವಾದರೆ ಮುಂದಿನ ವರ್ಷದ ಪ್ರವೇಶದ ವಿಷಯ ಯೋಚನೆ ಮಾಡಬೇಕಾಗುತ್ತದೆ.

ಇಂದು ಬುಧವಾರ. ಸಹಿ ಮಾಡಿದರೆ ಅತ್ತೆ ಗೋದಾಬಾಯಿ ಐದು ವರ್ಷದಿಂದ ನಡೆಸಿಕೊಂಡು ಬಂದ ದೆವ್ವದ ಕತೆಗಳ ಪತ್ರಿಕೆ ನಿಂತಂತೆ. ಮಾಡದಿದ್ದರೆ ಮಗಳ ಶಾಲೆ ಹೋದಂತೆ.

ಗಂಡ ದೀಪಕ ಬೆಳಿಗ್ಗೆ ಆರಕ್ಕೇ ಪಟಾನ್‌ಚೆರುವಿನ ಔಷಧಿ ಕಾರ್ಖಾನೆಯ ಬಸ್ಸು ಹಿಡಿಯುವವನು. ಶೂಸಿಗೆ ದಾರ ಬಿಗಿಯುತ್ತ, "ಸಹಿ ಮಾಡಿ ಕೊಟ್ಟಬಿಡು, ಅವ್ವಗ ನಾ ಹೇಳ್ತೀನಿ" ಅಂದಿದ್ದ. "ಯಾವಾಗ ಹೇಳ್ತೀರಿ?" ಅಂದರೆ, "ಹೇಳ್ತೀನಲ್ಲ" ಅಂದ. ಹದಿಮೂರು ವರ್ಷದ ಹಿಂದೆ ತನ್ನ ಮದುವೆಯ ಸುದ್ದಿಯನ್ನೇ ತಾಯಿಗೆ ನೇರವಾಗಿ ಹೇಳಲಾರದೆ ಚೀಟಿ ಬರೆದಿಟ್ಟ ಗಂಡಸು ಅವನು.

ಹೇಳಬೇಕಾದ ತಾಯಿಯಂತೂ ಊರಲ್ಲಿ ಇರಲಿಲ್ಲ. ತಮ್ಮನ ಮಗಳು ಕಾವ್ಯಾಳ ಬಾಣಂತನಕ್ಕೆಂದು ರಾಯಚೂರಿಗೆ ಹೋಗಿ ಹದಿನೈದು ದಿನವಾಗಿತ್ತು. ನಾಳೆ ಬೆಳಿಗ್ಗೆ ಬರುವವಳಿದ್ದಳು.

ಗೋದಾಬಾಯಿಗೂ ದೆವ್ವಗಳಿಗೂ ನಂಟು ಬೆಳೆದದ್ದು ರಾಯಚೂರು ಸ್ಟೇಷನ್ನಿನ ಎದುರಿಗೆ. ಅಲ್ಲಿ ಅವಳ ಅಪ್ಪ ಅಮರೇಶಪ್ಪನದೊಂದು ಬಾಡಿಗೆ ಪುಸ್ತಕದ ಅಂಗಡಿ ಇತ್ತು. ಕಾದಂಬರಿ, ಪುರಾಣ ಎಲ್ಲ ಇದ್ದರೂ ಜನ ಮುಗಿಬೀಳುತ್ತಿದ್ದದ್ದು ಚಿತ್ರಕತೆಗಳಿಗೆ. ಒರಟು ಕಾಗದದ ಮೂವತ್ತೆರಡು ಪುಟ, ಮುಖಪುಟದಲ್ಲಿ ಹಸಿರು ಮುಖದ ಮುದುಕಿ, ರುಂಡವಿಲ್ಲದ ಸವಾರ, ಚಂದ್ರನ ಮೇಲಿಂದ ಇಳಿದುಬರುವ ಹಾವಿನ ಹುಡುಗಿ. ರೈಲಿಗೆ ಕಾಯುವವರು ಒಂದು ಗಂಟೆಗೆಂದು ಒಯ್ಯುವರು, ರೈಲು ಬಂದರೆ ಪುಸ್ತಕ ಸಮೇತ ಹತ್ತಿ ಗುಂತಕಲ್ಲಿಗೋ ವಾಡಿಗೋ ನಡೆದುಬಿಡುವರು. ಅಮರೇಶಪ್ಪ ವರ್ಷವೆರಡು ವರ್ಷ ಬೈದು ನೋಡಿದ, ಬೋರ್ಡು ಬರೆಸಿ ನೋಡಿದ. ಕೊನೆಗೊಂದು ದಿನ ಗಡ್ಡದ ಬ್ಲೇಡು ತಂದು ದೆವ್ವದ ಪುಸ್ತಕಗಳ ಕಡೆಯ ಹಾಳಿಗಳನ್ನೆಲ್ಲ ಕೊಯ್ದು, ದಬ್ಬಣದಿಂದ ಸುತಳಿಗೆ ಪೋಣಿಸಿ, ಗಲ್ಲಾಪೆಟ್ಟಿಗೆಯ ಹಿಂದೆ ತೂಗುಹಾಕಿದ. ಕತೆ ಮುಗಿದದ್ದು ಹೇಗೆ ಎಂದು ಬೇಕಾದವನು ಪುಸ್ತಕ ತಂದು ಒಪ್ಪಿಸಬೇಕು. ಆಗ ಅವನ ಮುಂದೆ ಕಡೆಯ ಹಾಳಿ ಹಿಡಿಯುವುದು.

ಹಿಡಿಯುವ ಕೆಲಸ ಹತ್ತು ವರ್ಷದ ಗೋದಿಯದು. ಕೈಗೆ ಕೊಡುವಂತಿಲ್ಲ. ಸ್ಟೂಲಿನ ಮೇಲೆ ನಿಂತು, ಎರಡೂ ಕೈಯಿಂದ ಹಾಳಿಯನ್ನು ಎತ್ತಿ ಹಿಡಿದು, ಮನಸ್ಸಿನಲ್ಲೇ ನಲವತ್ತು ಎಣಿಸಬೇಕು. ಓದಲು ಬಾರದವರಿಗೆ ತಾನೇ ಓದಿ ಹೇಳಬೇಕು. ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವ ಮೊದಲೇ ಕಣ್ಣು ಕೆಂಪಗೆ ಮಾಡಿಕೊಂಡ ನಾಲ್ಕಾರು ಜನ ಕಟ್ಟೆಯ ಮೇಲೆ ಕುಳಿತಿರುತ್ತಿದ್ದರು. ಹಮಾಲರು, ಟೀ ಮಾರುವವರು, ಒಮ್ಮೊಮ್ಮೆ ಕೋರ್ಟಿನ ಗುಮಾಸ್ತ. "ರಾತ್ರಿ ಕಣ್ಣಿಗೆ ಕಣ್ಣ ಹತ್ತಿಲ್ಲ, ಲಗೂನ ತೋರಸವಾ" ಅನ್ನುವರು. ಅಂಗಡಿ ಬೆಳೆದದ್ದು ಆ ನಿದ್ದೆಗೆಟ್ಟ ಕಣ್ಣುಗಳಿಂದ.

ಮದುವೆಯಾಗಿ ಗೂಡ್ಸ್ ಗಾರ್ಡ್ ಹನುಮಂತರಾಯನ ಜೊತೆ ತೆಲುಗು ಸೀಮೆಯ ಮಲ್ಕಾಜ್‌ಗಿರಿಯ ರೈಲ್ವೆ ಕ್ವಾರ್ಟರ್ಸಿಗೆ ಬಂದಾಗ ಅವಳಿಗೆ ಇಪ್ಪತ್ತು. ಅತ್ತೆ ಸುಂದರಾಬಾಯಿ ಸೊಸೆಯ ಟ್ರಂಕು ಬಿಚ್ಚಿದಳು. ಮೇಲೆ ಇಳಕಲ್ ಸೀರೆ, ಅದರ ಕೆಳಗೆ ಕುಪ್ಪಸದ ಕಣ, ಅದರ ಕೆಳಗೆ ನೂರಾ ಹನ್ನೆರಡು ಹಾಳಿಗಳ ಸುತಳಿ ಸರ. ತಲೆಬುರುಡೆ, ಕೋರೆಹಲ್ಲು, ಉರಿಯುವ ಅರಮನೆ. ಅಪ್ಪ ತೀರಿಕೊಂಡಿದ್ದ, ಪುಸ್ತಕಗಳನ್ನು ತಮ್ಮ ತೂಕಕ್ಕೆ ಹಾಕಿದ್ದ, ಉಳಿದದ್ದು ಇದೊಂದೇ.

"ಬಚ್ಚಲ ಒಲಿಗೆ ಹಾಕು ಇದನ್ನ," ಅಂದಳು ಸುಂದರಾಬಾಯಿ.

"ಹಾಕ್ರಿ ಅತ್ತಿ. ಆದ್ರ ಒಂದೊಂದ ಕೇಳಿ ಹಾಕ್ರಿ," ಅಂದಳು ಹೊಸ ಸೊಸೆ, ಮತ್ತು ಅಲ್ಲೇ ನೆಲದ ಮೇಲೆ ಕುಳಿತು ಮೊದಲನೆಯದನ್ನು ಓದತೊಡಗಿದಳು. ಎಂಟನೆಯದಕ್ಕೆ ಬರುವಷ್ಟರಲ್ಲಿ ಅನ್ನ ಸೀದಿತ್ತು. ಸುಂದರಾಬಾಯಿ ಎದ್ದು ಸೀದ ಪಾತ್ರೆ ಇಳಿಸುತ್ತ, "ಅದಕ್ಕಿಂತ ಮೊದಲ ಏನ ಆಗಿತ್ತಂತ, ಆ ಹುಡುಗಿ ಬಾವ್ಯಾಗ ಯಾಕ ಇದ್ಲು?" ಎಂದು ಕೇಳಿದಳು. ಸುಡುವ ಮಾತು ಆ ಮನೆಯಲ್ಲಿ ಮತ್ತೆ ಬರಲಿಲ್ಲ.

ಮುಂದೆ ನಲವತ್ತು ವರ್ಷ ಸಂಸಾರ. ಹನುಮಂತರಾಯ ತೀರಿಕೊಂಡ ವರ್ಷ ಗೋದಾಬಾಯಿ ಟ್ರಂಕು ತೆಗೆದು ನೋಡಿದಾಗ ಹಾಳಿಗಳೇನೋ ಗಟ್ಟಿಯಾಗಿದ್ದವು, ಹಿಂದಿನ ಕತೆಗಳು ಮಾತ್ರ ಮುಕ್ಕಾಲು ಪಾಲು ಮರೆತಿದ್ದವು. ಅವಳು ಸುಮ್ಮನೆ ಕೂಡಲಿಲ್ಲ. ಕನ್ನಡ ಪತ್ರಿಕೆಯೊಂದರ ಓದುಗರ ಪತ್ರಕ್ಕೆ ನಾಲ್ಕು ಸಾಲು ಬರೆದಳು: ‘ರಾಯಚೂರು ಸ್ಟೇಷನ್ ಎದುರಿನ ಅಂಗಡಿಯ ರಬ್ಬರ್ ಸಿಕ್ಕೆ ಒತ್ತಿರುವ, ಕಡೆಯ ಹಾಳಿ ಇಲ್ಲದ ಚಿತ್ರಕತೆಗಳು ಯಾರಲ್ಲಾದರೂ ಇದ್ದರೆ ತಿಳಿಸಿರಿ. ಕಡೆಯ ಹಾಳಿಗಳು ನನ್ನಲ್ಲಿವೆ.’

ಒಂದೇ ತಿಂಗಳಲ್ಲಿ ಹದಿನೇಳು ಕಾಗದ ಬಂದವು. ಬರೆದವರೆಲ್ಲ ಕಳ್ಳರು. ಸಿಂಧನೂರಿನ ನಿವೃತ್ತ ಹೆಡ್‌ಮಾಸ್ತರರು, ಸೊಲ್ಲಾಪುರದ ಅಜ್ಜಿಯೊಬ್ಬರು, ಗದಗಿನ ಅಡತಿ ಅಂಗಡಿಯ ಯಜಮಾನರು. ‘ಎಪ್ಪತ್ತೊಂದರಲ್ಲಿ ನಿಮ್ಮ ತಂದೆಯವರ ಪುಸ್ತಕದೊಂದಿಗೆ ರೈಲು ಹತ್ತಿದೆ, ಕ್ಷಮಿಸಬೇಕು. ಹಾವಿನ ಹುಡುಗಿ ಮುಂದೆ ಏನಾದಳು ಎಂಬುದು ಇಂದಿಗೂ ಗೊತ್ತಿಲ್ಲ, ದಯವಿಟ್ಟು ತಿಳಿಸಿ.’ ಗೋದಾಬಾಯಿ ಮೊದಲು ಹೊಟ್ಟೆ ತುಂಬ ನಕ್ಕಳು, ಆಮೇಲೆ ಅತ್ತಳು, ಆಮೇಲೆ ಮಗನ ಹಳೆಯ ಗೀಟುಪಟ್ಟಿ, ಬಿಳಿ ಕಾಗದ ತೆಗೆದುಕೊಂಡು ಕುಳಿತಳು.

‘ಕಡೀ ಹಾಳಿ’ ಹುಟ್ಟಿದ್ದು ಹಾಗೆ. ಪುಸ್ತಕ ಇರುವವರು ಅದರ ನಕಲು ಕಳಿಸುವರು. ಇವಳು ಅದಕ್ಕೆ ತನ್ನ ಕಡೆಯ ಹಾಳಿ ಜೋಡಿಸಿ, ಚಿತ್ರ ಬರೆದವನ ಕೈಚಳಕದ ಬಗ್ಗೆ ಎರಡು ಪುಟ, ಆ ಪುಸ್ತಕ ಒಯ್ದವರ ಬಗ್ಗೆ ಅರ್ಧ ಪುಟ ಬರೆದು, ಹಳದಿ ರಟ್ಟು ಹಾಕಿ, ನೂರೈವತ್ತು ಪ್ರತಿ ತೆಗೆಸುವಳು. ಸ್ಟೇಷನ್ ಗೇಟಿನ ಹತ್ತಿರದ ಕ್ಸೆರಾಕ್ಸ್ ಅಂಗಡಿಯವನು ಇವಳನ್ನು ದೂರದಿಂದ ಕಂಡರೇ, "ಕ್ಯಾ ಅಮ್ಮಾ, ಫಿರ್ ಭೂತಾಂ ಲಾಯೇ ಕ್ಯಾ?" ಅನ್ನುವನು, ಮತ್ತೆ ದೆವ್ವ ತಂದಿರಾ ಎಂದು. ಯಂತ್ರ ಓಡಿಸುವಾಗ ಮುಖ ಆ ಕಡೆ ತಿರುಗಿಸಿಕೊಳ್ಳುವನು. ಕನ್ನಡ ಸಂಘದ ಕಾರ್ಯದರ್ಶಿ ಕಾಶಿನಾಥರು ಒಮ್ಮೆ ಮನೆಗೇ ಬಂದು, "ಈ ವಯಸ್ಸಿನ್ಯಾಗ ಜಪ ಮಾಡೂದ ಬಿಟ್ಟ ದೆವ್ವ ಹಿಡಕೊಂಡ ಕುಂತೀರಲ್ರಿ ವೈನಿ. ಹಾಡಿನ ಪುಸ್ತಕ ಮಾಡ್ರಿ, ಸಂಘದಾಗ ಹಂಚೋಣು" ಅಂದಿದ್ದರು.

"ಜಪಕ್ಕ ನೀವೆಲ್ಲ ಅದೀರಲ್ರಿ. ದೆವ್ವಕ್ಕ ಯಾರರೆ ಬೇಕಲ್ಲ," ಅಂದಿದ್ದಳು ಗೋದಾಬಾಯಿ, ಪಿನ್ನು ಹೊಡೆಯುವುದನ್ನು ನಿಲ್ಲಿಸದೆ.

ನಿರೀಕ್ಷಾಳಿಗೆ ಈ ಪತ್ರಿಕೆಯ ಮೇಲೆ ಮೊದಲಿನಿಂದಲೂ ಮನಸ್ಸಿಲ್ಲ. ಅವಳು ಮೆಹದಿಪಟ್ಟಣಂನಲ್ಲಿ ಹುಟ್ಟಿ ಇಂಗ್ಲಿಷ್ ಶಾಲೆಯಲ್ಲಿ ಓದಿದವಳು. ಕನ್ನಡ ಮಾತಾಡಲು ಬಂದರೂ ಓದುವಾಗ ಬೆರಳಿಡಬೇಕು. ಹೆದರಿಕೆಗೆ ಅವಳಿಗೆ ದೆವ್ವವೇ ಬೇಕಾಗಿರಲಿಲ್ಲ. ಮನೆ ಬಿಡುವಾಗ ಗ್ಯಾಸಿನ ಗುಬ್ಬಿಯನ್ನು ಮೂರು ಸಲ ಮುಟ್ಟಿ ನೋಡುವಳು. ಕೈಚೀಲದಲ್ಲಿ ಸದಾ ಒಂದು ಥರ್ಮಾಮೀಟರು. ಮಗಳು ಸೀನಿದರೆ ಎಣಿಸುವಳು. ಆ ಮಗಳೋ ಅಜ್ಜಿಯ ತೊಡೆಯ ಮೇಲೆ ಕುಳಿತು ದೆವ್ವಗಳ ಮಾತಿನಿಂದಲೇ ಕನ್ನಡ ಅಕ್ಷರ ಕಲಿಯುತ್ತಿದ್ದಳು. ಲಹರಿ ಕಲಿತ ಮೊದಲ ಅಕ್ಷರ ‘ಹ’, ಏಕೆಂದರೆ ದೆವ್ವಗಳು ನಗುವುದು ಅದರಲ್ಲೇ.

ಅತ್ತೆ ರಾಯಚೂರಿಗೆ ಹೋಗುವ ಹಿಂದಿನ ದಿನ ಹತ್ತೊಂಬತ್ತನೆಯ ಸಂಚಿಕೆ ಬಂದಿತ್ತು. ಕತೆ ‘ನೆರಳಿನ ದರ್ಜಿ’. ಸಂಜೆ ಹೊತ್ತಿನಲ್ಲಿ ಊರಿಗೆ ಬರುವ ಏಳು ಬೆರಳಿನ ದರ್ಜಿಯೊಬ್ಬ ಮಕ್ಕಳ ನೆರಳನ್ನು ಅಳತೆ ಮಾಡಿ ಕತ್ತರಿಸಿ ತನಗೊಂದು ಕೋಟು ಹೊಲಿದುಕೊಳ್ಳುತ್ತಾನೆ. ನೆರಳು ಹೋದ ಮಗು ಹೆತ್ತ ತಾಯಿಯ ಕಣ್ಣಿಗೆ ಕಾಣುವುದಿಲ್ಲ. ದಿನಕ್ಕೊಂದು ಪುಟ ಓದು ಎಂದು ಹೇಳಿ ಗೋದಾಬಾಯಿ ಮೊಮ್ಮಗಳಿಗೆ ಒಂದು ಪ್ರತಿ ಕೊಟ್ಟು ಹೋದಳು. ಮರುದಿನ ಮಗಳ ಚೀಲ ಜೋಡಿಸುವಾಗ ನಿರೀಕ್ಷಾ ಆ ಪುಸ್ತಕವನ್ನು ಹಿಂದಿನಿಂದ ತಿರುವಿದಳು. ಕಡೆಯ ಹಾಳಿ ಕಂಡಿತು. ಪುಟದ ತುಂಬ ಒಂದೇ ಚಿತ್ರ: ಕೂದಲು ಕೆದರಿದ ಹೆಂಗಸು, ಗುಡ್ಡೆ ಹೊರಬಿದ್ದ ಕಣ್ಣು, ಕಿಸಿದ ಹಲ್ಲು, ಬಾಯಿಂದ ಇಳಿಯುವ ಕಪ್ಪು ರಕ್ತದ ಎಳೆಗಳು. ಕೆಳಗಿನ ಬರಹದ ಮೇಲೆ ಬೆರಳಿಟ್ಟು ಓದುವ ತಾಳ್ಮೆ ಅವಳಿಗೆ ಆ ಹೊತ್ತಿನಲ್ಲಿ ಎಲ್ಲಿಂದ ಬರಬೇಕು. ದೀಪಕನ ಬ್ಲೇಡು ತಂದು ಆ ಹಾಳಿಯನ್ನು ಬುಡಸಹಿತ ಕೊಯ್ದು ತೆಗೆದಳು. ಒಗೆಯಲು ಹೋದರೆ ಅದಕ್ಕೂ ಹೆದರಿಕೆ. ಅಕ್ಕಿ ಡಬ್ಬಿಯ ತಳಕ್ಕೆ ಹಾಸಿದ ಪೇಪರಿನ ಕೆಳಗೆ ಸೇರಿಸಿದಳು. ಮಗುವನ್ನು ಉಳಿಸಿಕೊಂಡೆ ಎಂದು ಅಂದು ಸಮಾಧಾನದಿಂದ ಎರಡು ಲೋಟ ಚಹಾ ಕುಡಿದಳು.

ವಾರ ಕಳೆದ ಮೇಲೆ ಲಹರಿ ಶುರುಮಾಡಿದಳು. "ಅಮ್ಮಾ, ನಾ ಕಾಣಸ್ತೀನಿ?"

"ಕಾಣಸ್ತಿ, ಪುಟ್ಟಾ."

ಐದು ನಿಮಿಷ ಬಿಟ್ಟು, "ಈಗ?"

ದಿನಕ್ಕೆ ನಲವತ್ತು ಸಲ. ನಿರೀಕ್ಷಾ ಜ್ವರ ನೋಡಿದಳು, ಇರಲಿಲ್ಲ. ಎರಡು ಬಸ್ಸು ಬದಲಿಸಿ, ತನ್ನ ಹುಡುಗಿ ವಯಸ್ಸಿನಿಂದ ಗೊತ್ತಿದ್ದ ಮೆಹದಿಪಟ್ಟಣಂನ ಕಣ್ಣಿನ ಡಾಕ್ಟರ ತನಕ ಒಯ್ದಳು. ಡಾಕ್ಟರು ಎಲ್ಲ ನೋಡಿ, ಮಗು ಕೇಳಿದ ಪ್ರಶ್ನೆಯನ್ನೂ ಕೇಳಿಸಿಕೊಂಡು, "ಮಗುವಿನ ಕಣ್ಣು ಚೆನ್ನಾಗಿದೆಯಮ್ಮ. ಅದು ಕೇಳುತ್ತಿರುವುದು ನಿಮ್ಮ ಕಣ್ಣಿನ ಬಗ್ಗೆ" ಅಂದರು. ಅವಳು ತನ್ನ ಕಣ್ಣನ್ನೂ ತೋರಿಸಿಕೊಂಡು ಬಂದಳು.

ಆಮೇಲೆ ಸೋಮವಾರದ ಪ್ರಸಂಗ. ವಾರ್ಷಿಕೋತ್ಸವದ ಉಡುಪಿಗೆ ಅಳತೆ ತೆಗೆದುಕೊಳ್ಳಲು ಶಾಲೆಗೆ ದರ್ಜಿಯೊಬ್ಬ ಬಂದಿದ್ದ, ಕೊರಳಲ್ಲಿ ಟೇಪು ಹಾಕಿಕೊಂಡು. ಎರಡನೇ ತರಗತಿಯ ಬಾಗಿಲಲ್ಲಿ ಅವನ ನೆರಳು ಬಿದ್ದದ್ದೇ ತಡ, ನಿಶಾಂತನೆಂಬ ಹುಡುಗ ಬೆಂಚಿನ ಕೆಳಗೆ ತೂರಿದ. ಅವನ ಹಿಂದೆ ಇಡೀ ತರಗತಿ. ನಚಿಕೇತನೆಂಬವನು ಆ ಪಾಪದ ಮನುಷ್ಯನ ಕತ್ತರಿಯನ್ನು ಕಿಟಕಿಯಿಂದ ಆಚೆ ಎಸೆದ. ವಿಚಾರಿಸಿದಾಗ ಎಲ್ಲರೂ ಲಹರಿಯ ಕಡೆ ಬೆರಳು ತೋರಿಸಿದರು. ಕಾಗದ ಬಂದದ್ದು ಆ ಸಂಜೆ. ತಾಯಂದಿರ ವಾಟ್ಸಾಪ್ ಗುಂಪಿನಲ್ಲಿ ನಿಶಾಂತನ ತಾಯಿ ವರ್ಷಾ ಬರೆದದ್ದು ಅದಕ್ಕಿಂತ ಖಾರವಾಗಿತ್ತು.

ಗುರುವಾರ ಬೆಳಿಗ್ಗೆ ಗೋದಾಬಾಯಿ ಎರಡು ಕೈಚೀಲ, ಒಂದು ಡಬ್ಬಿ ಶೇಂಗಾ ಹೋಳಿಗೆಯೊಂದಿಗೆ ಆಟೋ ಇಳಿದಳು. ಕೈಕಾಲು ತೊಳೆದು ಕೂಡುವಷ್ಟರಲ್ಲಿ ನಿರೀಕ್ಷಾ ಕಾಗದವನ್ನು ಓದಿ, ಕನ್ನಡದಲ್ಲಿ ಹೇಳಿ, ಉಸಿರು ಬಿಡದೆ, "ನಾ ಏನ ಮಾಡ್ಲಿ ಅತ್ತಿ, ನೀವ ಹೇಳ್ರಿ" ಅಂದಳು.

ಗೋದಾಬಾಯಿ ಕಾಗದವನ್ನು ಮಡಚಿ ಇಟ್ಟಳು. ಅವಳ ಕಣ್ಣು ಮೊಮ್ಮಗಳ ಮೇಲಿತ್ತು. ಎರಡು ದಿನದಿಂದ ಶಾಲೆಗೆ ಹೋಗದ ಲಹರಿ ಬಾಲ್ಕನಿಯಿಂದ ಬಿದ್ದ ಬಿಸಿಲಿನ ಪಟ್ಟೆಯನ್ನು ತಪ್ಪಿಸಿ, ಗೋಡೆಗೆ ಬೆನ್ನು ಹಚ್ಚಿಕೊಂಡು, ಏಡಿಯ ಹಾಗೆ ಅಡ್ಡಡ್ಡ ಸರಿದು ಅಜ್ಜಿಯ ಹತ್ತಿರ ಬಂದಳು.

"ಗ್ವಾಡಿ ಹಿಡದ ಯಾಕ ನಡ್ಯಾಕತ್ತೀ?"

"ನೆರಳ ಬೀಳತೈತಿ."

"ಬಿದ್ರ?"

"ಅಂವ ಕತ್ತರಸ್ತಾನ."

"ಅಂವಗ ಏನಾತು ಅಂತ ಗೊತ್ತೈತಿಲ್ಲೊ?"

"ಏನೂ ಆಗಿಲ್ಲ. ಮುಂದಿನ ಮನಿ ಬಾಗಲಾ ಬಡದ. ಅಷ್ಟ." ಲಹರಿ ಸ್ವರ ತಗ್ಗಿಸಿದಳು. "ಅಲ್ಲಿಗೆ ಮುಗೀತು, ಅಜ್ಜಿ."

ಗೋದಾಬಾಯಿ ಹೋಳಿಗೆ ಡಬ್ಬಿ ಪಕ್ಕಕ್ಕೆ ಸರಿಸಿದಳು. "ಪುಸ್ತಕ ತಾ."

ಪುಸ್ತಕ ಬಂತು. ಅವಳು ಅದನ್ನು ತೆರೆಯಲೂ ಇಲ್ಲ. ಬೆನ್ನಿನ ಉದ್ದಕ್ಕೂ ಹೆಬ್ಬೆರಳು ಎಳೆದಳು. ಅಪ್ಪ ಕೊಯ್ದ ಪುಸ್ತಕಗಳನ್ನು ಹತ್ತು ವರ್ಷ ಹಿಡಿದ ಹೆಬ್ಬೆರಳು ಅದು.

"ಕೊಯ್ದಾರ ಇದನ್ನ," ಅಂದಳು ನಿಧಾನವಾಗಿ. "ಕೈ ಹೊಸಾದು. ನಡಕ್ಕ ಬ್ಲೇಡ ಜಾರೇತಿ."

ನಿರೀಕ್ಷಾಳ ಕಿವಿ ಬಿಸಿಯಾಯಿತು. ಮನೆಯಲ್ಲಿ ಬ್ಲೇಡು ಮುಟ್ಟುವವರು ಎಷ್ಟು ಜನ. "ನಾನ ಅತ್ತಿ. ಆ ಚಿತ್ರ ನೋಡಿದ್ರ ಕೂಸು ಅಂಜತೈತಿ ಅಂತ..."

ಬೈಗುಳ ಬರುತ್ತದೆಂದು ಅವಳು ಕಾದಳು. ಗೋದಾಬಾಯಿ ಸೊಸೆಯನ್ನು ಮೇಲಿಂದ ಕೆಳಗೆ ನೋಡಿ, "ನಮ್ಮಪ್ಪನ ಕೈಯಾಗ ನೀ ಸಿಕ್ಕಿದ್ರ ಅಂಗಡಿ ಗುಂತಕಲ್ ತನಕಾ ಬೆಳೀತಿತ್ತು," ಅಂದಳು. "ಕಡೀ ಹಾಳಿ ಇಲ್ಲಂದ್ರ ಹಮಾಲರಿಗೆ ನಿದ್ದಿ ಬರತಿದ್ದಿಲ್ಲ, ಹುಚ್ಚಿ. ಈ ಕೂಸಿಗೆ ಹೆಂಗ ಬರಬೇಕು? ದೆವ್ವಾ ಬಿಟ್ಟಿ, ಹಿಡದ ಕಟ್ಟೂದನ್ನ ಕೊಯ್ದ ಇಟ್ಟಿ. ಎಲ್ಲೈತಿ, ಒಗದಿ?"

ನಿರೀಕ್ಷಾ ಅಕ್ಕಿ ಡಬ್ಬಿಯನ್ನು ಅಗಲದ ಪರಾತಕ್ಕೆ ಸುರುವಿದಳು. ಹಾಳಿ ಬಂತು, ಅಕ್ಕಿ ಹಿಟ್ಟು ಮೆತ್ತಿಕೊಂಡು. ಅತ್ತೆಗೆ ಕೊಡಲು ಹೋದರೆ ಅವಳು ಕೈ ಚಾಚಲಿಲ್ಲ.

"ನೀ ಓದು. ಗಟ್ಟಿಯಾಗಿ."

"ನನಗ ಲಗೂ ಬರೂದಿಲ್ರಿ..."

"ಲಗೂ ಓದು ಅಂತ ಯಾರ ಅಂದ್ರು?"

ನಿರೀಕ್ಷಾ ಬೆರಳಿಟ್ಟಳು. ಒತ್ತಕ್ಷರ ಬಂದಲ್ಲಿ ಲಹರಿ ಹೇಳಿಕೊಟ್ಟಳು. ‘ತಾಯಿಗೆ ಮಗಳು ಕಾಣಲಿಲ್ಲ. ಆದರೆ ಬಾಗಿಲು ಬಡಿದವನ ಕೋಟಿನೊಳಗಿಂದ ಮಗಳ ನೆತ್ತಿಯ ಎಣ್ಣೆಯ ವಾಸನೆ ಬಂತು. ತಾಯಿ ದೀಪ ಹುಡುಕಲಿಲ್ಲ, ದೇವರನ್ನು ಕೂಗಲಿಲ್ಲ. ಕೋಟಿಗೆ ಬಾಯಿ ಹಾಕಿದಳು. ಒಂದೊಂದೇ ಹೊಲಿಗೆಯನ್ನು ಹಲ್ಲಿನಿಂದ ಬಿಚ್ಚಿದಳು. ಊರಿನ ಮಕ್ಕಳ ನೆರಳುಗಳೆಲ್ಲ ಕಾಗೆಗಳಂತೆ ಹಾರಿ ತಮ್ಮ ತಮ್ಮ ಮನೆ ಸೇರಿದವು. ಕೋಟಿಲ್ಲದ ದರ್ಜಿ ಗಾಳಿಯಲ್ಲಿ ಏಳು ಬೆರಳು ಆಡಿಸಿ, ಇಲ್ಲವಾದ.’

ಓದಿ ಮುಗಿಸಿದ ಮೇಲೂ ಅವಳು ಚಿತ್ರದಿಂದ ಕಣ್ಣು ತೆಗೆಯಲಿಲ್ಲ. ಬಾಯಿಂದ ಇಳಿದದ್ದು ರಕ್ತವಲ್ಲ, ದಾರ. ಕೆದರಿದ ಕೂದಲಿನ ಆ ಹೆಂಗಸು ದೆವ್ವವಲ್ಲ.

"ಇದು ಆ ಹುಡುಗಿ ತಾಯಿ," ಅಂದಳು ನಿರೀಕ್ಷಾ, ಯಾರಿಗೆ ಹೇಳುತ್ತಿದ್ದೇನೆಂದು ತಿಳಿಯದೆ.

"ಮತ್ತ? ತಾಯಂದ್ರು ಅಂಥಾ ಹೊತ್ತಿನ್ಯಾಗ ಹೂವು ಮುಡಕೊಂಡ ಇರ್ತಾರೇನು?" ಅಂದಳು ಗೋದಾಬಾಯಿ.

ಲಹರಿ ಹಾಳಿಯನ್ನು ಮೂಗಿನ ಹತ್ತಿರ ಹಿಡಿದು ನೋಡಿದಳು. ಆಮೇಲೆ ಎದ್ದು, ಹಾಲಿನ ನಡುವೆ ಹಾಯ್ದು, ಬಾಲ್ಕನಿಯ ಬಿಸಿಲಿನಲ್ಲಿ ನಿಂತು, ಒಂದು ಕಾಲೆತ್ತಿ ತನ್ನ ನೆರಳೂ ಕಾಲೆತ್ತುವುದನ್ನು ಪರೀಕ್ಷಿಸಿದಳು. ಅಲ್ಲಿಂದಲೇ, "ನಿಶಾಂತಗ ಗೊತ್ತಿಲ್ಲ," ಅಂದಳು. "ನಚಿಕೇತಗೂ ಗೊತ್ತಿಲ್ಲ. ನಾ ಅರ್ಧಾನ ಹೇಳೀನಿ."

ನಿರೀಕ್ಷಾ ಲೆಕ್ಕ ಹಾಕಿದಳು. ಮಲ್ಕಾಜ್‌ಗಿರಿಯ ಮೂವತ್ತನಾಲ್ಕು ಮನೆಗಳಲ್ಲಿ ಮೂವತ್ತನಾಲ್ಕು ಮಕ್ಕಳು ಗೋಡೆ ಹಿಡಿದು ನಡೆಯುತ್ತಿರಬೇಕು. ಅವರ ತಾಯಂದಿರು ಜ್ವರ ನೋಡುತ್ತಿರಬೇಕು.

ಶುಕ್ರವಾರ ಅತ್ತೆ ಸೊಸೆ ಇಬ್ಬರೂ ಲಹರಿಯನ್ನು ಕರೆದುಕೊಂಡು ಶಾಲೆಗೆ ಹೋದರು. ಪ್ರಿನ್ಸಿಪಾಲ್ ಮೇಡಂ ಕೆಟ್ಟವರಲ್ಲ. ದಿನಕ್ಕೆ ಇನ್ನೂರು ದೂರು ಕೇಳಿ ದಣಿದವರು. ಪೆನ್ನಿನ ಮುಚ್ಚಳ ತೆಗೆದೇ ಕೊಟ್ಟರು. "ಸಂತಕಂ ಪೆಟ್ಟಂಡಮ್ಮಾ, ಅಯಿಪೋತುಂದಿ." ಸಹಿ ಹಾಕಿದರೆ ಮುಗಿದುಹೋಯಿತು, ಅಷ್ಟೇ.

"ಮೇಡಂ, ಹತ್ತು ನಿಮಿಷ ತರಗತಿಯಲ್ಲಿ ನಿಲ್ಲಲು ಬಿಡಿ," ಅಂದಳು ನಿರೀಕ್ಷಾ ತೆಲುಗಿನಲ್ಲೇ. "ಮಕ್ಕಳು ಹೆದರಿರುವುದು ಕತೆಗಲ್ಲ, ಕತೆ ಮುಗಿಯದೆ ಇದ್ದದ್ದಕ್ಕೆ. ಮುಗಿಯುವ ಹಾಳಿ ಇಲ್ಲಿದೆ." ಹಾಳಿಯನ್ನು ಮೇಜಿನ ಮೇಲಿಟ್ಟಳು.

ಮೇಡಂ ಅದನ್ನು ನೋಡಿದರು. ಎಷ್ಟು ಹೊತ್ತು ನೋಡಿದರೋ ನಿರೀಕ್ಷಾಳಿಗೆ ಚೆನ್ನಾಗಿ ಗೊತ್ತು. ಮಗಳ ಚೀಲ ಜೋಡಿಸಿದ ದಿನ ತಾನೂ ಅಷ್ಟೇ ಸ್ವಲ್ಪ ಹೊತ್ತು ನೋಡಿದ್ದಳು. ಮೇಡಂ ಹಾಳಿಯನ್ನು ಬೋರಲು ಹಾಕಿ, "ಇದನ್ನು ಮಕ್ಕಳಿಗೆ ತೋರಿಸಬೇಕೆ? ನೀವು ತಾಯಿಯಲ್ಲವೆ?" ಅಂದರು.

ನಿರೀಕ್ಷಾ ಪೆನ್ನು ತೆಗೆದುಕೊಂಡಳು. ಒಪ್ಪಿಗೆಯ ಸಾಲುಗಳ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದು ಕೆಳಗೆ ಬರೆದಳು: ‘ತಪ್ಪು ಪುಸ್ತಕದ್ದಲ್ಲ. ಕಡೆಯ ಹಾಳಿಯನ್ನು ಕೊಯ್ದವಳು ನಾನು. ಪುಸ್ತಕ ನಿಲ್ಲುವುದಿಲ್ಲ.’ ಅದರ ಕೆಳಗೆ ಪೂರ್ತಿ ಹೆಸರಿನ ಸಹಿ.

"ಮುಂದಿನ ವರ್ಷದ ಪ್ರವೇಶ..." ಎಂದರು ಮೇಡಂ.

"ಯೋಚನೆ ಮಾಡಿ ಮೇಡಂ. ನಾವೂ ಮಾಡುತ್ತೇವೆ," ಅಂದಳು ನಿರೀಕ್ಷಾ, ಮತ್ತು ಹಾಳಿಯನ್ನು ಎತ್ತಿಕೊಂಡು ಹೊರಗೆ ಬಂದಮೇಲೆ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. "ಅತ್ತಿ, ನಾ ಏನ ಮಾಡಿದೆ?"

"ಏನ ಮಾಡಿದ್ಯೋ ಚೊಲೊ ಮಾಡಿದಿ. ನೀರ ಕುಡಿ. ಶಾಲಿ ಬಿಡೂದು ಎಷ್ಟಕ್ಕ?"

ಮೂರೂವರೆಗೆ. ಗೇಟಿನ ಹೊರಗಿನ ರಸ್ತೆ ಶಾಲೆಯದಲ್ಲ. ಗೋದಾಬಾಯಿ ಎದುರಿನ ಕಬ್ಬಿನ ಹಾಲಿನವನಿಂದ ಒಂದು ಪ್ಲಾಸ್ಟಿಕ್ ಸ್ಟೂಲು ಕೇಳಿ ತಂದು, ನಡುಬಿಸಿಲಿನಲ್ಲಿ ಇಟ್ಟಳು.

"ಹತ್ತು ಮ್ಯಾಲೆ."

"ನೀವ ಹತ್ರಿ ಅತ್ತಿ, ನಿಮಗ ರೂಢಿ ಐತಿ."

"ನನ್ನ ಮೊಣಕಾಲ ಹತ್ತಗೊಡೂದಿಲ್ಲ. ಕೊಯ್ದಾಕಿ ನೀ, ನೀನ ಹಿಡೀಬೇಕು. ಎರಡೂ ಕೈಲೆ ಹಿಡಿ. ಯಾರ ಕೈಯಾಗೂ ಕೊಡಬ್ಯಾಡ, ಅದ ನಮ್ಮ ಅಂಗಡಿ ಪದ್ಧತಿ."

ಗಂಟೆ ಬಾರಿಸಿತು. ಎರಡನೇ ತರಗತಿ ಹೊರಬಂದ ರೀತಿಯನ್ನು ನಿರೀಕ್ಷಾ ಸ್ಟೂಲಿನ ಮೇಲಿಂದ ನೋಡಿದಳು. ಒಬ್ಬರ ಹಿಂದೆ ಒಬ್ಬರು, ಕಾಂಪೌಂಡಿನ ನೆರಳೊಳಗೇ ಹೆಜ್ಜೆ ಇಡುತ್ತ, ಚೀಲಗಳನ್ನು ಗೋಡೆಗೆ ಉಜ್ಜುತ್ತ. ಅವಳು ಹಾಳಿಯನ್ನು ಎತ್ತಿದಳು. ಧ್ವನಿ ಹೊರಟಿತು, ತೆಲುಗಿನಲ್ಲಿ, ತನ್ನದಲ್ಲವೆಂಬಷ್ಟು ದೊಡ್ಡದಾಗಿ: "ದರ್ಜಿಗೆ ಏನಾಯಿತು ಎಂದು ಯಾರಿಗೆ ಬೇಕು?"

ಮೊದಲು ಬಂದವನು ವಾಚ್‌ಮನ್, ಓಡಿಸಲೆಂದು. ಚಿತ್ರ ನೋಡಿ, ಓಡಿಸುವುದನ್ನು ಮರೆತು, "ಯಾರಮ್ಮ ಇವಳು?" ಎಂದು ಕೇಳಿದ. ಅಷ್ಟರಲ್ಲಿ ನಿಶಾಂತ ಗೋಡೆ ಬಿಟ್ಟು ಒಂದು ಹೆಜ್ಜೆ ಈಚೆ ಬಂದ. ಆಮೇಲೆ ನಚಿಕೇತ. ನಿರೀಕ್ಷಾ ಹಾಳಿಯನ್ನು ತನ್ನ ಕಡೆ ಬಗ್ಗಿಸಿ ಓದಿದಳು, ಕನ್ನಡವನ್ನು ಅಲ್ಲೇ ತೆಲುಗು ಮಾಡುತ್ತ, ತಡವರಿಸುತ್ತ, ಹಲ್ಲಿನಿಂದ ಹೊಲಿಗೆ ಬಿಚ್ಚುವ ಕಡೆ ತಾನೂ ಹಲ್ಲು ಕಿಸಿದು ತೋರಿಸುತ್ತ. ಒಂದು ಹುಡುಗಿ ಅತ್ತಳು. ಅವಳ ಅಪ್ಪ ಸ್ಕೂಟರಿನ ಮೇಲಿಂದಲೇ ಕೆಂಗಣ್ಣು ಬಿಟ್ಟು ಎತ್ತಿಕೊಂಡು ಹೋದ. ಉಳಿದವರು ಹೋಗಲಿಲ್ಲ. ಹಿಂದಿನವರಿಗೆ ಕಾಣಿಸದೆ ನೂಕುನುಗ್ಗಲಾಯಿತು.

"ಸಾಲು, ಸಾಲು," ಎಂದು ಗೋದಾಬಾಯಿ ಕೊಡೆಯ ತುದಿಯಿಂದ ರಸ್ತೆಯ ಮೇಲೆ ಗೆರೆ ಎಳೆದಳು. "ನಲವತ್ತ ಎಣಿಸೂ ತನಕಾ ನೋಡ್ರಿ, ಸರೀರಿ. ನಿರೀಕ್ಷಾ, ಎಣಸಾಕತ್ತೀಯಿಲ್ಲೊ?"

ನಿರೀಕ್ಷಾ ಎಣಿಸುತ್ತಿದ್ದಳು. ಗೇಟಿನೊಳಗೆ ಪ್ರಿನ್ಸಿಪಾಲ್ ಮೇಡಂ ಸೊಂಟದ ಮೇಲೆ ಕೈಯಿಟ್ಟು ನಿಂತದ್ದು ಅವಳಿಗೆ ಕಾಣುತ್ತಿತ್ತು. ನೋಡಿ ಮುಗಿಸಿದ ಮಕ್ಕಳು ಬಿಸಿಲಿನಲ್ಲಿ ಒಬ್ಬರ ನೆರಳನ್ನೊಬ್ಬರು ತುಳಿಯುತ್ತ ಕಿರುಚಾಡತೊಡಗಿದ್ದರು, ಅವರ ನಡುವೆ ಲಹರಿ ಎಲ್ಲರಿಗಿಂತ ಜೋರಾಗಿ.

ಸಾಲಿನ ಕೊನೆಯಲ್ಲಿ ನಿಶಾಂತನ ತಾಯಿ ವರ್ಷಾ ನಿಂತಿದ್ದಳು, ಗುಂಪಿನಲ್ಲಿ ಖಾರವಾಗಿ ಬರೆದವಳು. ಮುಂದೆ ಬಂದು, ತಲೆಯೆತ್ತಿ, ಹಾಳಿಯನ್ನು ನೋಡಿದಳು. ನಲವತ್ತಾದರೂ ಸರಿಯಲಿಲ್ಲ. ಆಮೇಲೆ ಗೋದಾಬಾಯಿಯ ಕಡೆ ತಿರುಗಿ, "ಇದಕ್ಕಿಂತ ಮೊದಲು ಏನಾಗುತ್ತದೆ?" ಎಂದು ಕೇಳಿದಳು.

"ಅದನ್ನ ನಿಮ್ಮ ಮಗಗ ಕೇಳವಾ," ಅಂದಳು ಗೋದಾಬಾಯಿ. "ನಮ್ಮಲ್ಲಿ ಕಡೀದಷ್ಟ ತೋರಸ್ತೀವಿ."

ಗೇಟಿನೊಳಗಿಂದ ಮೂರನೇ ತರಗತಿಯ ಸಾಲು ಹೊರಗೆ ಬರುತ್ತಿತ್ತು. ನಿರೀಕ್ಷಾಳ ತೋಳು ನೋಯುತ್ತಿತ್ತು. ಅವಳು ಹಾಳಿಯನ್ನು ಇಳಿಸಲಿಲ್ಲ. ಎರಡೂ ಕೈಯಿಂದ ಇನ್ನಷ್ಟು ಮೇಲೆ ಹಿಡಿದು, ಮತ್ತೆ ಒಂದರಿಂದ ಎಣಿಸತೊಡಗಿದಳು.